ಕೆಂಪು ಕಾರಿಗೆ ಮೊದಲು ಮಾಡಬೇಕಾದದ್ದು

ಸಾಗರ
೨೨ ಜುಲೈ ೨೦೨೪

ಚಿ. ನಿಶ್ಚಲನಿಗೆ ಆಶೀರ್ವಾದಗಳು.

ನಿನ್ನನ್ನು ಈಗ ಬಹುವಚನದಲ್ಲಿ ಕರೆಯಬೇಕಂತೆ. ನಿನ್ನ ಅಪ್ಪ ಪಾತ್ರೆ ಅಂಗಡಿಯಲ್ಲಿ ಗಿರಾಕಿಗಳಿಗೆಲ್ಲ, "ಅವ್ರು ಈಗ ಬ್ರಹ್ಮಚಾರಿಗಳು, ಹೊಸನಗರದ ಹತ್ರ ಬಸದೀಲಿ ಮುನಿಸಂಘದ ಜೊತೆ ಚಾತುರ್ಮಾಸಕ್ಕೆ ಇದಾರೆ" ಎಂದು ಹೇಳುತ್ತಿರುತ್ತಾರೆ. ಯಾರಪ್ಪ ಈ ದೊಡ್ಡವರು ಎಂದು ಒಂದು ಗಳಿಗೆ ನನಗೇ ಗಲಿಬಿಲಿ. ನಾನಂತೂ ನೀನು ಎಂದೇ ಬರೆಯುವವಳು. ಇಪ್ಪತ್ತೊಂಬತ್ತು ವರ್ಷದ ಅಭ್ಯಾಸ, ಬಿಡುವುದಕ್ಕಾಗುವುದಿಲ್ಲ.

ವಿಷಯ ಏನೆಂದರೆ ನಾನೊಂದು ಕಾರು ಕೊಂಡಿದ್ದೇನೆ. ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮಡಚುವ ಬಟ್ಟೆಯ ಮಾಡು, ಕೆಂಪು ಬಣ್ಣ, ಹದಿನೈದು ವರ್ಷ ಹಳೆಯದು. ತೀರ್ಥಹಳ್ಳಿಯ ಡಾಕ್ಟರ್ ಭವ್ಯಾ ಅವರದು. ಅವರಿಗೆ ಸೊಂಟ ನೋವು, ಅಷ್ಟು ತಗ್ಗಿನ ಸೀಟಿನಿಂದ ಎಬ್ಬಿಸಲು ಇಬ್ಬರು ಬೇಕಾಗುತ್ತಿತ್ತಂತೆ. ಮೂರು ವರ್ಷದಿಂದ ಶೆಡ್ಡಿನಲ್ಲಿ ನಿಂತಲ್ಲೇ ನಿಂತಿತ್ತು. ಮೂವತ್ತೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು ತನಗೆಂದು ಒಂದು ವಸ್ತು ಕೊಂಡರೆ ತಪ್ಪೇನು ಹೇಳು. 

ಜಟ್ಟಪ್ಪ ಅದನ್ನು ಲಾರಿಯ ಮೇಲೆ ಹೇರಿಸಿಕೊಂಡು ತಂದ. ಕೆಳದಿ ರಸ್ತೆಯ ಅವನ ಗ್ಯಾರೇಜಿನಲ್ಲಿ, ನೀನು ಏಳು ವರ್ಷ ಕೆಲಸ ಮಾಡಿದ ಜಾಗದಲ್ಲೇ ನಿಂತಿದೆ. ಬಾನೆಟ್ ಎತ್ತಿ ನೋಡಿದವನು ಹಾಗೇ ಮುಚ್ಚಿದ. "ಟೀಚರ್, ಇದು ನನ್ ಕೈಯಲ್ಲಾಗಲ್ಲ. ನಿಶ್ಚಲನ್ನೇ ಕೇಳ್ಬೇಕು" ಎಂದ. ಅದಕ್ಕೇ ಕೇಳುತ್ತಿದ್ದೇನೆ. ಫೋನು ಬಿಟ್ಟಿದ್ದೀಯ, ಆದ್ದರಿಂದ ಪತ್ರ.

ನಿನ್ನ ದೀಕ್ಷೆಗೆ ತಂದೆ ತಾಯಿ ಇಬ್ಬರೂ ಒಪ್ಪಬೇಕು ಎಂದು ಗುರುಗಳು ಹೇಳಿಕಳಿಸಿದ್ದಾರೆ. ಅಪ್ಪ ಅವತ್ತೇ ಬರೆದುಕೊಟ್ಟರು. ನಾನು ಹೂಂ ಎಂದಿಲ್ಲ, ಊಹೂಂ ಎಂದೂ ಇಲ್ಲ. ಮೊದಲು ಕಾರಿನ ವಿಷಯ ಮುಗಿಯಲಿ. ಹಳೆಯ ಕಾರು ಕೊಂಡವರು ಮೊಟ್ಟಮೊದಲು ಏನು ಮಾಡಬೇಕು?

ನಿನ್ನ ಅಮ್ಮ
ವಿಜಯಲಕ್ಷ್ಮೀ


ಬಸದಿ, ಹೊಸನಗರ ತಾಲೂಕು
೩೦ ಜುಲೈ ೨೦೨೪

ಮಾತೃಶ್ರೀಯವರಿಗೆ ಜಯ ಜಿನೇಂದ್ರ.

ನಾನು ಕ್ಷೇಮ. ಪತ್ರ ತಲುಪಿತು. ನಾನು ವಾಹನ ತ್ಯಾಗ ಮಾಡಿರುವುದು ನಿಮಗೆ ಗೊತ್ತೇ ಇದೆ. ಹತ್ತುವುದನ್ನು ಬಿಟ್ಟವನು ಅದರ ಚಿಂತೆಯನ್ನೂ ಬಿಡಬೇಕು. ಇಂಥ ಪ್ರಶ್ನೆಗಳನ್ನು ದಯವಿಟ್ಟು ಜಟ್ಟಪ್ಪನವರಿಗೇ ಕೇಳಿ.

ಒಂದು ಮಾತು ಮಾತ್ರ. ಸ್ಟಾರ್ಟ್ ಮಾಡಬೇಡಿ. ಮೂರು ವರ್ಷ ನಿಂತ ಗಾಡಿ. ಮೊದಲು ಇಂಜಿನ್ ಆಯಿಲ್ ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಲಿ. ಭವ್ಯಾ ಡಾಕ್ಟ್ರು ಹೊಸ ಆಯಿಲ್ ಹಾಕಿಸಿದ್ದೇನೆ ಎಂದಿದ್ದರೂ ಇಳಿಸಲಿ. ಹಳೆ ಕಾರು ಮಾರುವವರೆಲ್ಲ ಹಾಗೆಯೇ ಹೇಳುವುದು, ಅದರಲ್ಲಿ ಮೋಸವಿಲ್ಲ, ಅವರಿಗೆ ಮರೆತಿರುತ್ತದೆ. ಇಳಿಸಿದ ಆಯಿಲನ್ನು ಬಿಳಿ ಬಟ್ಟೆಯ ಮೇಲೆ ಸುರಿದು ಬಿಸಿಲಿಗೆ ಹಿಡಿದು ನೋಡು. ಮಿಣಮಿಣ ಹೊಳೆಯುವ ಪುಡಿ ಕಂಡರೆ ಒಳಗೆ ಲೋಹ ಸವೆದಿದೆ ಎಂದು ಅರ್ಥ. ಬರಿ ಕಪ್ಪಾದರೆ ಹೆದರಬೇಡ.

ಆಮೇಲೆ ಟೈಮಿಂಗ್ ಬೆಲ್ಟ್. ಎಷ್ಟು ಓಡಿದೆ ಎಂದು ನೋಡಬಾರದು, ಎಷ್ಟು ವರ್ಷವಾಯಿತು ಎಂದು ನೋಡಬೇಕು. ಓಡುವಾಗ ಅದು ತುಂಡಾದರೆ ಇಂಜಿನ್ ಮುಗಿಯಿತು.

ಇಷ್ಟು ಸಾಕು. ಒಪ್ಪಿಗೆಯ ವಿಷಯ ಯೋಚಿಸಿ ತಿಳಿಸಿ.

ಇತಿ,
ನಿಶ್ಚಲ್


ಸಾಗರ
೯ ಆಗಸ್ಟ್ ೨೦೨೪

ಚಿ. ನಿಶ್ಚಲನಿಗೆ ಆಶೀರ್ವಾದಗಳು.

ಬಹುವಚನದಲ್ಲಿ ಶುರು ಮಾಡಿದವನು ಆಯಿಲ್ ಇಳಿಸುವ ಹೊತ್ತಿಗೆ 'ನೋಡು' ಎಂದಿದ್ದೀಯ. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಆಯಿಲ್ ಇಳಿಸಿಯಾಯಿತು. ನಿನ್ನ ಹಳೆಯ ಬಿಳಿ ಪಂಚೆಯ ತುಂಡಿನ ಮೇಲೆ ಸುರಿದು ನೋಡಿದೆವು. ಬರಿ ಕಪ್ಪು, ಹೊಳಪಿಲ್ಲ. ಜಟ್ಟಪ್ಪನಿಗೆ ಗಾಡಿ ತನ್ನದೇ ಎಂಬಷ್ಟು ಖುಷಿ.

ಆಮೇಲೆ ಏರ್ ಫಿಲ್ಟರಿನ ಡಬ್ಬಿ ತೆಗೆದರೆ ಒಳಗೆ ಇಲಿ ಗೂಡು. ಸೀಟಿನ ಸ್ಪಂಜು, ಆಸ್ಪತ್ರೆಯ ಚೀಟಿ ಎಲ್ಲ ಚೂರು ಮಾಡಿ ಹಾಸಿಕೊಂಡು ಐದು ಮರಿ ಹಾಕಿದೆ. ಕಣ್ಣೂ ಬಿಟ್ಟಿಲ್ಲ. ತೀರ್ಥಹಳ್ಳಿಯಿಂದ ಬಂದವೋ ಇಲ್ಲೇ ಸೇರಿಕೊಂಡವೋ ಗೊತ್ತಿಲ್ಲ. ಜಟ್ಟಪ್ಪ, "ಎತ್ತಿ ಬಿಸಾಕ್ಲಾ ಟೀಚರ್?" ಎಂದ. ಗದರಿಸಿದೆ. ಈಗ ಹತ್ತು ದಿನ ಯಾರೂ ಬಾನೆಟ್ ಮುಟ್ಟುವ ಹಾಗಿಲ್ಲ ಎಂದು ರಟ್ಟಿನ ಮೇಲೆ ಬರೆದು ಅಂಟಿಸಿ ಬಂದಿದ್ದೇನೆ. ಬೇರೆ ಗಿರಾಕಿಗಳು ಅದನ್ನು ಓದಿ ನಗುತ್ತಿದ್ದಾರಂತೆ. ಮುಟ್ಟದೆ ಬಿಟ್ಟದ್ದು ಸರಿಯೋ, ಗೂಡು ಸಮೇತ ಬೇರೆ ಕಡೆ ಇಡಬಹುದೋ?

ಇನ್ನೊಂದು. ಬ್ರೇಕ್ ಆಯಿಲ್ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ. ಪೆಡಲ್ ಒತ್ತಿದರೆ ಹಿಡಿಯುತ್ತದೆ. ಹಿಡಿಯುತ್ತದಲ್ಲ, ಹಾಗೇ ಓಡಿಸಬಹುದೇ?

ಅಮ್ಮ


ಬಸದಿ, ಹೊಸನಗರ ತಾಲೂಕು
೧೬ ಆಗಸ್ಟ್ ೨೦೨೪

ಅಮ್ಮನಿಗೆ ಜಯ ಜಿನೇಂದ್ರ.

ಓಡಿಸಬಾರದು. ಬ್ರೇಕ್ ಆಯಿಲ್ ಗಾಳಿಯ ತೇವ ಕುಡಿಯುತ್ತದೆ. ನಮ್ಮ ಕಡೆಯ ಹವೆಯಲ್ಲಿ ಎರಡು ವರ್ಷಕ್ಕೇ ನೀರು ಸೇರಿಬಿಡುತ್ತದೆ. ಊರೊಳಗೆ ಏನೂ ಗೊತ್ತಾಗುವುದಿಲ್ಲ, ಘಾಟಿ ಇಳಿಯುವಾಗ ಬಿಸಿಯಾಗಿ ಆ ನೀರು ಕುದಿಯುತ್ತದೆ, ಪೆಡಲ್ ಸೀದಾ ತಳಕ್ಕೆ ಹೋಗುತ್ತದೆ. ನಾಲ್ಕೂ ಚಕ್ರದ ಹತ್ತಿರ ಹಳೆಯದನ್ನು ಪೂರ್ತಿ ಹೊರಗೆ ಬಿಡಿಸಿ, ಹೊಸದು ತಿಳಿಯಾಗಿ ಬರುವವರೆಗೆ ಜಟ್ಟಪ್ಪಣ್ಣ ಕೈ ನಿಲ್ಲಿಸಬಾರದು. ಪೆಡಲ್ ನೀನೇ ಒತ್ತು. ಅವನು "ಹೂಂ" ಎಂದಾಗ ಒತ್ತಿ ಹಿಡಿ, "ಬಿಡಿ" ಎನ್ನುವವರೆಗೆ ಕಾಲು ಎತ್ತಬೇಡ. ಅವನಿಗೆ ಅವಸರ ಜಾಸ್ತಿ, ನೀನು ಹತ್ತಿರವೇ ಇರು.

ಇಲಿ ಮರಿಗಳನ್ನು ಮುಟ್ಟದೆ ಬಿಟ್ಟದ್ದು ಒಳ್ಳೆಯದಾಯಿತು. ಕೈ ವಾಸನೆ ತಗುಲಿದರೆ ತಾಯಿ ಬಿಟ್ಟು ಹೋದೀತು ಎಂದು ನನ್ನ ಹೆದರಿಕೆ. ಕಣ್ಣು ಬಿಟ್ಟ ಮೇಲೆ ಅವು ತಾವಾಗಿಯೇ ಹೊರಡುತ್ತವೆ. ಆಮೇಲೆ ಎಲ್ಲ ವೈರುಗಳನ್ನೂ ಬೆರಳಲ್ಲಿ ಸವರಿ ನೋಡಿಸು, ಕಡಿದಿರುತ್ತವೆ. ರಟ್ಟಿನ ಬೋರ್ಡು ನೆನಸಿಕೊಂಡು ಸ್ವಾಧ್ಯಾಯದ ಹೊತ್ತಿನಲ್ಲಿ ನಗು ಬಂತು. ಪಕ್ಕದಲ್ಲಿದ್ದ ಜೊತೆಯ ಬ್ರಹ್ಮಚಾರಿ ಸಂಯಮ್ ತಿರುಗಿ ನೋಡಿದ.

ಬಟ್ಟೆ ಮಾಡಿನ ಕಾರಿಗೆ ಇನ್ನೊಂದಿದೆ. ಸೀಟಿನ ಹಿಂದೆ ಎರಡು ಮೂಲೆಯಲ್ಲಿ ಮಳೆನೀರು ಇಳಿದುಹೋಗುವ ಸಣ್ಣ ತೂತುಗಳಿರುತ್ತವೆ. ಎಲೆ, ಕಸ ಕಟ್ಟಿಕೊಂಡರೆ ನೀರೆಲ್ಲ ಸೀಟಿನಡಿ ನಿಲ್ಲುತ್ತದೆ. ಚೂಪಾದ ತಂತಿ ಹಾಕಬೇಡಿ, ಒಳಗಿನ ಪೈಪು ತೂತಾಗುತ್ತದೆ. ನೈಲಾನ್ ದಾರ ಸಾಕು.

ಅಮ್ಮ, ಇಂಜಿನ್ ಸದ್ದು ಹೇಗಿದೆ ಎಂದು ಬರೆಯಬೇಡ. ಅದನ್ನು ಕೇಳಬೇಕು ಅನ್ನಿಸುತ್ತದೆ.

ನಿಶ್ಚಲ್


ಸಾಗರ
೫ ಸೆಪ್ಟೆಂಬರ್ ೨೦೨೪

ಚಿ. ನಿಶ್ಚಲನಿಗೆ ಆಶೀರ್ವಾದಗಳು.

ಮರಿಗಳು ಹೊರಟುಹೋದವು. ಬ್ರೇಕ್ ಆಯಿಲ್ ಬದಲಾಯಿತು, ನಾನೇ ಪೆಡಲ್ ಒತ್ತಿದೆ, ಕಾಲು ಇನ್ನೂ ನೋಯುತ್ತಿದೆ. ನೈಲಾನ್ ದಾರಕ್ಕೆ ಒಂದು ಬೊಗಸೆ ಕಸ ಬಂತು. ಬೆಲ್ಟ್ ಕೂಡ ಹೊಸದು. ಸದ್ದಿನ ವಿಷಯ ಬರೆಯುವುದಿಲ್ಲ.

ಭಾನುವಾರ ಸಮಾಜದವರು ನಿನ್ನ ಅಪ್ಪನಿಗೆ ಶಾಲು ಹೊದೆಸಿದರು. ಮಗನನ್ನು ಧರ್ಮಕ್ಕೆ ಕೊಟ್ಟ ಪುಣ್ಯವಂತರು ಎಂದು ಭಾಷಣ. ನನ್ನನ್ನೂ ವೇದಿಕೆಗೆ ಕರೆದರು. ಹೋಗಲಿಲ್ಲ. ಅಪ್ಪ ಮನೆಗೆ ಬಂದು, "ಎಲ್ರ ಮುಂದೆ ನನ್ ಮಾನ ಕಳ್ದೆ" ಎಂದರು. "ಇನ್ನೂ ಕೊಟ್ಟಿಲ್ಲ, ನನ್ ಪಾಲು ಉಳಿದಿದೆ" ಎಂದೆ. ಅಷ್ಟರ ಮೇಲೆ ಎರಡು ದಿನ ಇಬ್ಬರೂ ಹೊತ್ತು ಮುಳುಗುವ ಮುಂಚೆ ಬೇರೆಬೇರೆ ಕೂತು ಉಂಡೆವು.

ನೀನು ವೈರಾಗ್ಯದಿಂದ ಹೋದೆ ಎಂದು ಊರು ನಂಬಿದೆ. ನೀನು ಹೋದದ್ದು ಫೋಟೋ ಸ್ಟುಡಿಯೋ ಗಣೇಶಮೂರ್ತಿ ಸತ್ತದ್ದಕ್ಕೆ. ಅವನ ಕಾರಿನ ಟೈರಿನ ಮೇಲಿನ ಅಚ್ಚು ನೋಡಿ "ಬಟನ್ ಚೆನ್ನಾಗಿದೆ, ಹೋಗ್ಬನ್ನಿ" ಎಂದವನು ನೀನು. ಹುಲಿಕಲ್ ಘಾಟಿಯಲ್ಲಿ ಜಾರಿತು. ಅದಾದ ನಾಲ್ಕನೇ ತಿಂಗಳು ನೀನು ಬಸದಿಯ ದಾರಿ ಹಿಡಿದೆ. ಇದನ್ನು ನಾವು ಮನೆಯಲ್ಲಿ ಒಂದು ದಿನವೂ ಬಾಯಿಬಿಟ್ಟು ಆಡಲಿಲ್ಲ. ಮೊನ್ನೆ ಅವನ ಹೆಂಡತಿ ಮಹಾಲಕ್ಷ್ಮೀ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ನಾನು ತಲೆ ತಗ್ಗಿಸಿದೆ. ಅವಳೇ ಕೈ ಹಿಡಿದು, "ನಿಮ್ ಮಗನ ಮೇಲೆ ನಂಗೇನೂ ಸಿಟ್ಟಿಲ್ಲ ಟೀಚರ್. ಅವ್ರೂ ಆವತ್ತು ಜೋರಾಗೇ ಹೋಗ್ತಿದ್ರು" ಎಂದಳು. ನಿನಗೆ ತಿಳಿಯಲಿ ಎಂದು ಬರೆದೆ.

ನನ್ನ ಕಾರಿಗೆ ಟೈರ್ ಮಾತ್ರ ಹಳೆಯವೇ ಇವೆ. ಬಟನ್ ಚೆನ್ನಾಗಿದೆ ಎನ್ನುತ್ತಾನೆ ಜಟ್ಟಪ್ಪ. ಈ ತಿಂಗಳ ಕೊನೆಗೆ ತೀರ್ಥಹಳ್ಳಿಗೆ ಹೋಗಿ ಡಾಕ್ಟರಿಗೆ ಕಾರು ತೋರಿಸಿ ಬರೋಣವೆಂದಿದ್ದೇನೆ. ಹೋಗಬಹುದಲ್ಲ?

ಅಮ್ಮ


ಬಸದಿ, ಹೊಸನಗರ ತಾಲೂಕು
೧೦ ಸೆಪ್ಟೆಂಬರ್ ೨೦೨೪

ಅಮ್ಮಾ,

ಹೋಗಬೇಡ. ಗ್ಯಾರೇಜಿನಿಂದ ಹೊರಗೆ ತೆಗೆಯಬೇಡ.

ಟೈರಿನ ಪಕ್ಕದಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡಂಕಿ ವಾರದ್ದು, ಕೊನೆಯ ಎರಡಂಕಿ ವರ್ಷದ್ದು. ೨೩೧೪ ಎಂದಿದ್ದರೆ ೨೦೧೪ನೇ ಇಸವಿಯ ಇಪ್ಪತ್ಮೂರನೇ ವಾರ ತಯಾರಾದದ್ದು. ನಿಂತ ಕಾರಿನ ಬಟನ್ ಸವೆಯುವುದಿಲ್ಲ, ನೋಡಿದರೆ ಹೊಸದೇ. ರಬ್ಬರ್ ಮಾತ್ರ ಒಳಗೇ ಸತ್ತು ಗಟ್ಟಿಯಾಗಿರುತ್ತದೆ. ಒದ್ದೆ ರಸ್ತೆಯಲ್ಲಿ ಹಿಡಿಯುವುದಿಲ್ಲ. ಆರು ವರ್ಷ ದಾಟಿದ್ದರೆ ನಾಲ್ಕನ್ನೂ ಬದಲಿಸು. ಜಟ್ಟಪ್ಪಣ್ಣ ಏನು ಹೇಳಿದರೂ ಕೇಳಬೇಡ. ನಾನು ಅವತ್ತು ಬಟನ್ ನೋಡಿದೆ, ಅಂಕಿ ನೋಡಲಿಲ್ಲ. ಗಣೇಶಮೂರ್ತಿಯವರ ಟೈರಿಗೆ ಹನ್ನೊಂದು ವರ್ಷವಾಗಿತ್ತು. ಆಮೇಲೆ ಪೊಲೀಸ್ ಸ್ಟೇಷನ್ನಿನ ಅಂಗಳದಲ್ಲಿ ನಿಲ್ಲಿಸಿದ್ದ ಆ ಕಾರಿನ ಪಕ್ಕ ಕೂತು ಓದಿದೆ.

ಬದಲಿಸಿದೆ ಎಂದು ಕೂಡಲೇ ಬರೆ.

ನಿಶ್ಚಲ್


ಸಾಗರ
೧೭ ಸೆಪ್ಟೆಂಬರ್ ೨೦೨೪

ಮಗಾ,

ಬದಲಿಸಿದ್ದೇನೆ. ನಾಲ್ಕೂ ಹೊಸದು, ಈ ವರ್ಷದ್ದೇ ಅಂಕಿ, ನಾನೇ ಕನ್ನಡಕ ಹಾಕಿಕೊಂಡು ಓದಿದೆ. ನೀನು ನಿಶ್ಚಿಂತೆಯಿಂದಿರು.

ನಿಜ ಹೇಳಿಬಿಡುತ್ತೇನೆ. ನಿನ್ನ ಪತ್ರ ಬರುವ ಮುಂಚೆಯೇ ಬದಲಿಸಿಯಾಗಿತ್ತು. ಗಣೇಶಮೂರ್ತಿ ಹೋದ ಮೇಲೆ ಜಟ್ಟಪ್ಪನೂ ಅಂಕಿ ನೋಡದೆ ಯಾವ ಟೈರನ್ನೂ ಬಿಡುವುದಿಲ್ಲ. ಟೈರ್, ಬ್ರೇಕ್ ಎಂದರೆ ನೀನು ಉತ್ತರ ಬರೆಯದೆ ಇರಲಾರೆ ಎಂದು ಗೊತ್ತಿದ್ದೇ ಕೇಳಿದೆ. ಹೆತ್ತವಳು ಮಾಡುವ ಕೆಲಸವಲ್ಲ. ಆದರೆ ನಿನ್ನ ಅಕ್ಷರ ಕಾಣಲು ನನಗೆ ಬೇರೆ ದಾರಿ ಉಳಿದಿಲ್ಲ. ಕಾರು ಕೊಂಡದ್ದೂ ಅದಕ್ಕೇ. ನೀನು ವಾಪಸು ಬಂದು ಆ ಬಾನೆಟ್ ಎತ್ತಬೇಕು, ಅದೊಂದೇ ನನ್ನ ಆಸೆ.

ಅಮ್ಮ


ಬಸದಿ, ಹೊಸನಗರ ತಾಲೂಕು
೬ ಅಕ್ಟೋಬರ್ ೨೦೨೪

ಪೂಜ್ಯ ಅಮ್ಮನವರಿಗೆ ಜಯ ಜಿನೇಂದ್ರ.

ನನ್ನ ಹೆಸರು ಸಂಯಮ್. ನಿಶ್ಚಲಣ್ಣನ ಜೊತೆಯಲ್ಲೇ ಇರುವ ಬ್ರಹ್ಮಚಾರಿ. ಅವರಿಗೆ ಗೊತ್ತಿಲ್ಲದೆ ಇದನ್ನು ಬರೆಯುತ್ತಿದ್ದೇನೆ, ತಪ್ಪಾಗಿದ್ದರೆ ಕ್ಷಮಿಸಬೇಕು.

ಕಾರಿನ ವಿಷಯ ನಿಮಗೆ ಬರೆದಾಗಲೆಲ್ಲ ಅಣ್ಣ ಗುರುಗಳ ಹತ್ತಿರ ಹೋಗಿ ಪ್ರಾಯಶ್ಚಿತ್ತ ಕೇಳುತ್ತಾರೆ. ಮರುದಿನ ಉಪವಾಸ, ನೀರೂ ಇಲ್ಲ. ಈಚೆಗೆ ಕಾರಿನ ನೆನಪು ಬಂದರೂ ಉಪವಾಸ ಮಾಡುತ್ತಾರೆ. ಸೆಪ್ಟೆಂಬರ್ ತಿಂಗಳಲ್ಲಿ ಅವರು ಊಟ ಮಾಡಿದ ದಿನಗಳಿಗಿಂತ ಮಾಡದ ದಿನಗಳೇ ಹೆಚ್ಚು. ಗುರುವಾರ ಬಸದಿಯ ಮೆಟ್ಟಿಲಲ್ಲಿ ತಲೆ ಸುತ್ತಿ ಬಿದ್ದರು. ಹಣೆಗೆ ಪೆಟ್ಟಾಗಿದೆ, ಹೆದರುವಂಥದ್ದಲ್ಲ.

ತಾವು ಬರೆಯುವುದನ್ನು ನಿಲ್ಲಿಸಿದರೆ ಅವರು ಉಳಿಯುತ್ತಾರೆ ಎಂದು ನನಗೆ ಅನ್ನಿಸುತ್ತದೆ. ದೀಕ್ಷೆಯಾದರೆ ಮನಸ್ಸು ಒಂದು ಕಡೆ ನಿಲ್ಲುತ್ತದೆ. ತಮ್ಮ ಒಪ್ಪಿಗೆ ಇಲ್ಲದೆ ಗುರುಗಳು ಕೊಡುವುದಿಲ್ಲ.

ಇತಿ,
ಸಂಯಮ್


ಸಾಗರ
೩೦ ಅಕ್ಟೋಬರ್ ೨೦೨೪

ಚಿ. ನಿಶ್ಚಲನಿಗೆ ಆಶೀರ್ವಾದಗಳು.

ಇದನ್ನು ಅಂಚೆಗೆ ಹಾಕುತ್ತಿಲ್ಲ. ಅಪ್ಪ ನಾಳೆ ಬೆಳಿಗ್ಗೆಯ ಬಸ್ಸಿಗೆ ಹೊರಟು ಕೈಯಾರೆ ಗುರುಗಳಿಗೆ ಕೊಡುತ್ತಾರೆ.

ಇಷ್ಟು ದಿನ ನಾನು ಯಾಕೆ ಬರೆಯಲಿಲ್ಲ ಎಂದು ಕೇಳಬೇಡ. ಮಗನಿಗೆ ಪತ್ರ ಬರೆಯುತ್ತಿದ್ದೇನೆ ಎಂದುಕೊಂಡು ನಾನು ಮಗನ ಅನ್ನ ಕಸಿಯುತ್ತಿದ್ದೆ. ಅದು ತಿಳಿದ ದಿನದಿಂದ ನನಗೂ ತುತ್ತು ಇಳಿಯುತ್ತಿಲ್ಲ. ನೀನು ನನ್ನ ಹತ್ತಿರ ಇರದಿದ್ದರೂ ಪರವಾಗಿಲ್ಲ, ಎಲ್ಲಾದರೂ ಬದುಕಿರು.

ನನ್ನ ಮಗ ನಿಶ್ಚಲ್ ದೀಕ್ಷೆ ತೆಗೆದುಕೊಳ್ಳಲು ನನ್ನ ಪೂರ್ಣ ಒಪ್ಪಿಗೆ ಇದೆ. ಯಾರ ಒತ್ತಾಯವೂ ಇಲ್ಲ.

ಭಾನುವಾರದ ದೀಕ್ಷೆಯ ಸಭೆಗೆ ನಾನು ಬರುವುದಿಲ್ಲ. ಮೈ ಸರಿಯಿಲ್ಲ ಎಂದು ಅಪ್ಪ ಹೇಳುತ್ತಾರೆ.

ನಿನ್ನ ಅಮ್ಮ
ವಿಜಯಲಕ್ಷ್ಮೀ ಹೇಮಚಂದ್ರ


ಬಸದಿ, ಹೊಸನಗರ ತಾಲೂಕು
೨೯ ಅಕ್ಟೋಬರ್ ೨೦೨೪

ಅಮ್ಮಾ,

ನಿನ್ನ ಪತ್ರವಿಲ್ಲದೆ ಆರು ವಾರವಾಯಿತು. ಟೈರಿನ ವಿಷಯಕ್ಕೆ ಸಿಟ್ಟು ಬಂದಿತ್ತು, ಅದಕ್ಕೇ ನಾನು ಬರೆಯಲಿಲ್ಲ. ಈಗ ಸಿಟ್ಟಿಲ್ಲ. ದಿನಾ ಅಂಚೆಯವರು ಬರುವ ಹೊತ್ತಿಗೆ ಬಾಗಿಲಿಗೆ ಬಂದು ನಿಲ್ಲುತ್ತೇನೆ. ಕೂಲೆಂಟ್ ಬಗ್ಗೆ ನೀನು ಕೇಳಲೇ ಇಲ್ಲ. ಅದನ್ನೂ ಪೂರ್ತಿ ಬದಲಿಸಬೇಕು, ನಲ್ಲಿ ನೀರು ಸುರಿಯಬಾರದು. ಕೇಳುತ್ತೀಯೆಂದು ಉತ್ತರ ಮನಸ್ಸಿನಲ್ಲೇ ಬರೆದಿಟ್ಟುಕೊಂಡಿದ್ದೆ.

ನಿನಗೆ ಬರೆದದ್ದಕ್ಕೆ ಉಪವಾಸ ಮಾಡಿದ್ದೇನೆ. ಗುರುಗಳು ಬೇಡವೆಂದೇ ಹೇಳಿದರು, "ತಾಯಿಗೆ ಉತ್ತರ ಕೊಟ್ಟಿದ್ದು ದೋಷ ಅಲ್ಲ" ಎಂದರು. ನಾನೇ ಹಟ ಮಾಡಿ ಕೇಳಿಕೊಂಡೆ. ಬರೆಯುವಾಗ ಅಷ್ಟು ಸಂತೋಷವಾಗುತ್ತಿತ್ತು ಅಮ್ಮ. ಒಂದು ದಿನದ ಹಸಿವು ಅದಕ್ಕೆ ಏನೂ ಅಲ್ಲ.

ಮಹಾಲಕ್ಷ್ಮೀಯವರ ಮಾತನ್ನು ನೀನು ಬರೆದ ದಿನದಿಂದ ನನಗೆ ಇಲ್ಲಿ ನಿಲ್ಲಲು ಆಗುತ್ತಿಲ್ಲ. ನಾನು ಬಂದದ್ದು ಧರ್ಮಕ್ಕಲ್ಲ, ಅಡಗಿಕೊಳ್ಳಲು. ಗುರುಗಳಂಥವರ ಮುಂದೆ ಈ ಸುಳ್ಳಿಟ್ಟುಕೊಂಡು ದೀಕ್ಷೆಗೆ ತಲೆ ಬಾಗಿಸಲಾರೆ. ಆದರೆ ಬಾಯಿಬಿಟ್ಟು ಬೇಡ ಎನ್ನಲು ನನಗೆ ಧೈರ್ಯವಿಲ್ಲ. ನಿನ್ನ ಒಪ್ಪಿಗೆ ಬಂದೇ ಬರುತ್ತದೆ ಎಂದು ಸಮಾಜದವರು ಭಾನುವಾರಕ್ಕೆ ದಿನ ಗೊತ್ತು ಮಾಡಿದ್ದಾರೆ, ಸಾಗರದಿಂದ ಎರಡು ಬಸ್ಸು ಜನ ಬರುತ್ತಾರಂತೆ. ನಾನು ಬೇಡವೆಂದರೆ ಅಪ್ಪ ಅಂಗಡಿ ಬಾಗಿಲು ತೆಗೆಯಲಾರರು. ನೀನು ಬೇಡವೆಂದರೆ ಹೆತ್ತ ಕರುಳು ಎಂದು ಎಲ್ಲರೂ ಸುಮ್ಮನಾಗುತ್ತಾರೆ.

ನೀನು ಇಷ್ಟು ದಿನ ಹೂಂ ಎನ್ನಲಿಲ್ಲವಲ್ಲ, ಅದನ್ನೇ ಹಿಡಿದುಕೊಂಡಿದ್ದೇನೆ. ಒಪ್ಪಬೇಡ ಅಮ್ಮ. ಯಾರು ಏನೇ ಹೇಳಲಿ ಒಪ್ಪಬೇಡ. ಮನೆಗೆ ನಡೆದುಕೊಂಡೇ ಬರುತ್ತೇನೆ.

ನಿನ್ನ
ನಿಶ್ಚಲ್


ಸಾಗರ
೫ ನವೆಂಬರ್ ೨೦೨೪

ಮಗಾ,

ನೀನು ಇಪ್ಪತ್ತೊಂಬತ್ತಕ್ಕೆ ಬರೆದದ್ದು ಇವತ್ತು ಮಂಗಳವಾರ ಮಧ್ಯಾಹ್ನ ಬಂತು. ದೀಪಾವಳಿ ರಜೆ, ಭಾನುವಾರ ಎಲ್ಲ ಸೇರಿ ಅಂಚೆ ತಡವಾಯಿತಂತೆ. ಹೊಸನಗರದಿಂದ ಸಾಗರಕ್ಕೆ ಬಸ್ಸಿನಲ್ಲಿ ಎರಡು ಗಂಟೆಯ ದಾರಿ.

ಮೊನ್ನೆ ಭಾನುವಾರ ನಿನ್ನ ದೀಕ್ಷೆ ಮುಗಿಯಿತು. ನಿನಗೆ ಹೊಸ ಹೆಸರಾಗಿದೆ. ಇನ್ನು ಆ ಹೆಸರಿಗೇ ಬರೆಯಬೇಕು ಎಂದರು ಅಪ್ಪ. ಆ ಹೆಸರನ್ನು ಲಕೋಟೆಯ ಮೇಲೆ ಬರೆಯಲು ನನಗೆ ಕೈ ಬರುವುದಿಲ್ಲ, ಆದ್ದರಿಂದ ಇದು ಅಂಚೆಗೆ ಹೋಗುವುದಿಲ್ಲ. ನಿನ್ನ ಪತ್ರವನ್ನು ಅಪ್ಪನಿಗೂ ತೋರಿಸಿಲ್ಲ. ಅವರು ಭಾನುವಾರದಿಂದ ನೆಂಟರಿಗೆಲ್ಲ ಫೋನು ಮಾಡಿ ಮಾಡಿ ಗಂಟಲು ಕಟ್ಟಿಸಿಕೊಂಡಿದ್ದಾರೆ.

ಸಭೆ ಮುಗಿಸಿ ಬಂದ ದಿನ ಅವರು ಹೇಳಿದ್ದನ್ನು ಆಗ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ, ಇವತ್ತು ಮತ್ತೆ ಕೇಳಿದೆ. ಸಭೆಯಲ್ಲಿ ನನ್ನ ಒಪ್ಪಿಗೆಯನ್ನು ಗಟ್ಟಿಯಾಗಿ ಓದಿದರಂತೆ. ಆಮೇಲೆ ನಿನ್ನ ವಿಷಯ, ಅದೇ ಬಹುವಚನದಲ್ಲಿ. "ಅಮ್ಮ ಬಂದಿಲ್ವಾ ಅಂತ ಎರಡ್ಸಲ ಕೇಳಿದ್ರು. ಮೈ ಹುಷಾರಿಲ್ಲ ಅಂದೆ. ಆಮೇಲೂ ಬಾಗ್ಲು ಕಡೇನೇ ನೋಡ್ತಿದ್ರು. ಕೂದ್ಲು ಕೀಳೋಕೆ ಶುರು ಮಾಡೋವರ್ಗೂ ನೋಡ್ತಿದ್ರು" ಎಂದರು.

ನನ್ನ ಮೈಗೆ ಏನೂ ಆಗಿರಲಿಲ್ಲ. ನಿನ್ನ ಮುಖ ಕಂಡರೆ ಎಲ್ಲರೆದುರು ಎದ್ದು ನಿಂತು 'ಬೇಡ' ಎಂದುಬಿಡುತ್ತೇನೆ ಎಂದು ಹೆದರಿ ಮನೆಯಲ್ಲೇ ಕೂತಿದ್ದೆ.

ಅಮ್ಮ